ಪ್ರೀತಿಯಿಲ್ಲದ ದಾಂಪತ್ಯ: ಕಾನೂನಿನಲ್ಲಿ ಬಾಗಿಲು ಎಲ್ಲಿದೆ?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಗಳೇ ಹೆಚ್ಚು. ನಡುನಡುವೆ ಹಾಡು ಕೇಳದ ಪತ್ರವೂ ಒಂದೊಂದು ಬರುವುದುಂಟು. ಹೆಸರು ಓದಬೇಡಿ, ಊರು ಹೇಳಬೇಡಿ ಎಂದು ಮೊದಲ ಸಾಲಿನಲ್ಲೇ ಬರೆದಿದ್ದ ಅಂಥದೊಂದು ಪತ್ರದ ತಿರುಳು ಇಷ್ಟು:

"ಮದುವೆಯಾಗಿ ಹನ್ನೊಂದು ವರ್ಷ. ನಮ್ಮ ಮನೆಯವರು ಹೊಡೆಯುವವರಲ್ಲ, ಕುಡಿಯುವವರಲ್ಲ. ತಿಂಗಳ ಖರ್ಚಿಗೆ ಕೊಡುತ್ತಾರೆ. ಆದರೆ ನನ್ನ ಜೊತೆ ಮಾತಿಲ್ಲ. ಬಡಿಸಿದ್ದನ್ನು ಉಂಡು ಎದ್ದು ಒಳಗೆ ಹೋಗುತ್ತಾರೆ. ನಾನು ಜ್ವರ ಬಂದು ಮಲಗಿದರೂ ಏನಾಯಿತು ಅಂತ ಕೇಳುವುದಿಲ್ಲ. ತವರಿಗೆ ಹೇಳಿದರೆ, ಹೊಡೆಯೋದಿಲ್ಲ ಬಡಿಯೋದಿಲ್ಲ, ನಿನಗೇನು ಕಡಿಮೆಯಾಗಿದೆ ಅನ್ನುತ್ತಾರೆ. ಇದರಿಂದ ಹೊರಗೆ ಬರಬೇಕು ಅಂದರೆ ಕೋರ್ಟಿನಲ್ಲಿ ಏನಂತ ಹೇಳಲಿ?"

ಎರಡು ಹಾಡುಗಳ ನಡುವಿನ ಒಂದು ನಿಮಿಷದಲ್ಲಿ ಇದಕ್ಕೆ ಉತ್ತರ ಹೇಳಲಾಗದು. ಅದಕ್ಕೇ ಈ ಬರಹ. ಇದು ವಕೀಲರ ಸಲಹೆಗೆ ಬದಲಿ ಅಲ್ಲ. ಆದರೆ ವಕೀಲರ ಮುಂದೆ ಕೂತಾಗ ಏನು ಕೇಳಬೇಕು ಎಂದು ತಿಳಿದಿದ್ದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ಉತ್ತರವನ್ನು ಮೊದಲೇ ಚಿಕ್ಕದಾಗಿ ಹೇಳಿಬಿಡೋಣ. "ಪ್ರೀತಿ ಇಲ್ಲ" ಎಂಬ ಕಾರಣವನ್ನು ನಮ್ಮ ಕಾನೂನು ಎಲ್ಲಿಯೂ ಬರೆದಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ಕಾನೂನು ಕಾರಣವನ್ನೇ ಕೇಳುವುದಿಲ್ಲ. ಅವರು ಒಪ್ಪದೆ ನೀವೊಬ್ಬರೇ ಹೋದರೆ, ಕೋರ್ಟು ನಿಮ್ಮ ಮನಸ್ಸಿನೊಳಗಿನ ನೋವನ್ನು ನೇರವಾಗಿ ಅಳೆಯಲಾರದು. ಆ ನೋವಿಗೆ ಕಾರಣವಾದ ನಡತೆಯನ್ನು ಮಾತ್ರ ನೋಡುತ್ತದೆ. ಮುಂದಿನದೆಲ್ಲ ಈ ಮೂರು ಮಾತಿನ ವಿವರ.

ಮುಂಬೈಯ ಒಂದು ಹಳೆಯ ಮೊಕದ್ದಮೆ

ಮುಂಬೈಯ ಕೇಳುಗರು ಫೋರ್ಟ್ ಭಾಗದಲ್ಲಿ ಹೈಕೋರ್ಟಿನ ಕಲ್ಲುಕಟ್ಟಡದ ಮುಂದೆ ಎಷ್ಟೋ ಸಲ ಹಾದುಹೋಗಿರುತ್ತೀರಿ. ಒಲ್ಲದ ಮದುವೆಯ ಬಗ್ಗೆ ಇಡೀ ದೇಶ ಜಗಳವಾಡಿದ ಒಂದು ಮೊಕದ್ದಮೆ ನಡೆದದ್ದು ಬೊಂಬಾಯಿ ಹೈಕೋರ್ಟಿನಲ್ಲೇ.

ರುಖ್ಮಾಬಾಯಿ ಹುಟ್ಟಿದ್ದು 1864ರಲ್ಲಿ. ಹನ್ನೊಂದನೆಯ ವಯಸ್ಸಿಗೆ ದಾದಾಜಿ ಭಿಕಾಜಿ ಎಂಬವನೊಂದಿಗೆ ಮದುವೆಯಾಯಿತು. ಆಕೆ ತಾಯಿ ಮತ್ತು ಮಲತಂದೆ ಡಾ. ಸಖಾರಾಮ್ ಅರ್ಜುನ್ ಅವರ ಮನೆಯಲ್ಲೇ ಉಳಿದು ಓದುತ್ತಾ ಬೆಳೆದಳು. ಗಂಡನ ಮನೆಗೆ ಹೋಗಲು ಒಪ್ಪಲಿಲ್ಲ. 1884ರಲ್ಲಿ ದಾದಾಜಿ, ಹೆಂಡತಿಯನ್ನು ತನ್ನ ಬಳಿಗೆ ಕಳುಹಿಸಬೇಕೆಂದು ದಾವೆ ಹೂಡಿದ. ಒಟ್ಟಿಗೆ ಬಾಳಿಯೇ ಇಲ್ಲದ ಹೆಣ್ಣನ್ನು ಬಲವಂತದಿಂದ ಕಳುಹಿಸಲಾಗದು ಎಂದು 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ತೀರ್ಪು ಕೊಟ್ಟರು. ಮೇಲ್ಮನವಿಯಲ್ಲಿ ಅದು ನಿಲ್ಲಲಿಲ್ಲ. 1887ರ ಮಾರ್ಚಿನಲ್ಲಿ ನ್ಯಾಯಮೂರ್ತಿ ಫ್ಯಾರನ್, ಗಂಡನ ಮನೆಗೆ ಹೋಗು, ಇಲ್ಲವಾದರೆ ಆರು ತಿಂಗಳ ಸೆರೆಮನೆ ಎಂದರು. ಸೆರೆಮನೆಗೇ ಹೋಗುತ್ತೇನೆ ಎಂದಳು ಇಪ್ಪತ್ತೆರಡು ದಾಟಿದ ಆ ಹುಡುಗಿ.

ಕೊನೆಗೆ 1888ರಲ್ಲಿ ರಾಜಿಯಾಯಿತು. ದಾದಾಜಿ ಎರಡು ಸಾವಿರ ರೂಪಾಯಿ ಪಡೆದು ತೀರ್ಪನ್ನು ಜಾರಿ ಮಾಡಿಸುವುದನ್ನು ಕೈಬಿಟ್ಟ. ಆಕೆ ಲಂಡನ್ನಿಗೆ ಹೋಗಿ ವೈದ್ಯಕೀಯ ಓದಿ ಬಂದು, ಸೂರತ್ತಿನಲ್ಲಿ ಬಹುಕಾಲ ವೈದ್ಯೆಯಾಗಿ ಕೆಲಸ ಮಾಡಿದರು.

ಗಮನಿಸಬೇಕಾದ ಸಂಗತಿ ಒಂದಿದೆ. ರುಖ್ಮಾಬಾಯಿಗೆ ಬಿಡುಗಡೆ ಸಿಕ್ಕಿತು, ವಿಚ್ಛೇದನ ಸಿಗಲಿಲ್ಲ. ಏಕೆಂದರೆ ಆಗಿನ ಹಿಂದೂ ಶಾಸ್ತ್ರದಲ್ಲಿ ಮದುವೆ ಸಂಸ್ಕಾರ. ಕಟ್ಟಿದ ಗಂಟು ಬಿಚ್ಚುವ ಮಾತೇ ಇರಲಿಲ್ಲ. ಕೆಲವು ಜಾತಿಗಳ ರೂಢಿಯಲ್ಲಿ ಮಾತ್ರ ಬಿಡುಗಡೆ ಇತ್ತು. ದೇಶಕ್ಕೆಲ್ಲ ಅನ್ವಯಿಸುವ ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರ ಮೇ ತಿಂಗಳಲ್ಲಿ. ರುಖ್ಮಾಬಾಯಿ ತೀರಿಕೊಂಡದ್ದೂ ಅದೇ 1955ರಲ್ಲಿ, ಸೆಪ್ಟೆಂಬರಿನಲ್ಲಿ.

1955ರಲ್ಲಿ ತೆರೆದದ್ದು, 1976ರಲ್ಲಿ ಅಗಲವಾದದ್ದು

1955ರ ಕಾಯ್ದೆ ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ ಅನ್ವಯಿಸುತ್ತದೆ. ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಅದರ ಎರಡನೆಯ ಕಲಮಿನಲ್ಲೇ ಬರೆದಿದೆ.

ಮೊದಲಲ್ಲಿ ಬಾಗಿಲು ಕಿರಿದಾಗಿತ್ತು. ಕ್ರೌರ್ಯವಾಗಲಿ, ಬಿಟ್ಟುಹೋಗುವುದಾಗಲಿ ಬೇರೆ ಇರಲು ಅನುಮತಿ ಪಡೆಯುವುದಕ್ಕೆ ಕಾರಣವಾಗುತ್ತಿತ್ತೇ ಹೊರತು ನೇರ ವಿಚ್ಛೇದನಕ್ಕೆ ಸಾಲುತ್ತಿರಲಿಲ್ಲ. 1976ರ ತಿದ್ದುಪಡಿಯಿಂದ ಎರಡು ದೊಡ್ಡ ಬದಲಾವಣೆಗಳಾದವು. ಕ್ರೌರ್ಯ ಮತ್ತು ಎರಡು ವರ್ಷದ ಪರಿತ್ಯಾಗ ವಿಚ್ಛೇದನಕ್ಕೇ ಕಾರಣಗಳಾದವು. ಜೊತೆಗೆ 13-ಬಿ ಎಂಬ ಹೊಸ ಕಲಮು ಸೇರಿ, ಪರಸ್ಪರ ಒಪ್ಪಿಗೆಯ ವಿಚ್ಛೇದನ ಬಂತು.

ಇವೆರಡನ್ನೂ ಒಂದೊಂದಾಗಿ ನೋಡೋಣ. ಸುಲಭದ್ದು ಮೊದಲು.

ಇಬ್ಬರೂ ಒಪ್ಪಿದರೆ

13-ಬಿ ಕಲಮಿಗೆ ಬೇಕಾದದ್ದು ಮೂರು: ಒಂದು ವರ್ಷದಿಂದ ಬೇರೆಯಾಗಿ ಬಾಳುತ್ತಿರಬೇಕು, ಒಟ್ಟಿಗೆ ಬಾಳಲು ಆಗದೆ ಹೋಗಿರಬೇಕು, ಮದುವೆ ಮುಗಿಸಲು ಇಬ್ಬರೂ ಒಪ್ಪಿರಬೇಕು. ಯಾರ ತಪ್ಪು ಎಂಬ ಪ್ರಶ್ನೆ ಬರುವುದಿಲ್ಲ. ಯಾರೂ ಯಾರ ಮೇಲೂ ಕೆಸರೆರಚಬೇಕಾಗಿಲ್ಲ.

"ನಾವು ಒಂದೇ ಮನೆಯಲ್ಲಿದ್ದೇವಲ್ಲ, ಬೇರೆಯಾಗಿ ಬಾಳಿದಂತೆ ಹೇಗಾಗುತ್ತದೆ?" ಎಂದು ಹಲವರು ಕೇಳುತ್ತಾರೆ. ಮುಂಬೈಯಂಥ ಊರಿನಲ್ಲಿ ಒಂದು ಮನೆಯ ಬಾಡಿಗೆಯೇ ಕಷ್ಟ, ಇನ್ನು ಎರಡು ಮನೆ ಎಲ್ಲಿಂದ? ಇದಕ್ಕೆ ಸುಪ್ರೀಂ ಕೋರ್ಟ್ 1991ರಲ್ಲೇ, ಸುರೇಷ್ಟಾ ದೇವಿ ಮೊಕದ್ದಮೆಯಲ್ಲಿ ಉತ್ತರ ಕೊಟ್ಟಿದೆ. ಬೇರೆಯಾಗಿ ಬಾಳುವುದು ಎಂದರೆ ಬೇರೆ ವಿಳಾಸ ಎಂದಲ್ಲ, ಗಂಡ ಹೆಂಡತಿಯಾಗಿ ಬಾಳದಿರುವುದು. ಒಂದೇ ಸೂರಿನ ಕೆಳಗಿದ್ದೂ ಬೇರೆಯಾಗಿರಬಹುದು. ಒಟ್ಟಿಗೆ ಬಾಳುವ ಮನಸ್ಸಿದ್ದು ಕೆಲಸದ ಕಾರಣಕ್ಕೆ ಬೇರೆ ಊರಿನಲ್ಲಿದ್ದರೆ ಅದು ಬೇರೆಯಾಗಿ ಬಾಳಿದಂತಾಗದು. ಒಂದೇ ಮನೆಯಲ್ಲಿ ಅಪರಿಚಿತರಂತೆ ಇರುವವರಿಗೆ ಈ ಮಾತು ಬಹಳ ಮುಖ್ಯ.

ಕೋರ್ಟಿನಲ್ಲಿ ಇದು ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಜಂಟಿ ಅರ್ಜಿ. ಆಮೇಲೆ ಆರು ತಿಂಗಳ ಕಾಯುವಿಕೆ. ಅರ್ಜಿ ಹಾಕಿದ ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಬಂದು "ಹೌದು, ಇದೇ ನಮ್ಮ ತೀರ್ಮಾನ" ಎನ್ನಬೇಕು. ತೀರ್ಪು ಬರುವ ತನಕ ಯಾರಾದರೂ ಒಬ್ಬರು ಮನಸ್ಸು ಬದಲಿಸಿ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು ಎಂಬುದೂ ನೆನಪಿರಲಿ.

ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಬಹುದೇ? ಮಾಡಬಹುದು ಎಂದಿತು ಸುಪ್ರೀಂ ಕೋರ್ಟ್, 2017ರ ಸೆಪ್ಟೆಂಬರಿನ ಅಮರದೀಪ್ ಸಿಂಗ್ ತೀರ್ಪಿನಲ್ಲಿ. ಅರ್ಜಿ ಹಾಕುವ ಹೊತ್ತಿಗೇ ಒಂದೂವರೆ ವರ್ಷ ಬೇರೆಯಾಗಿದ್ದು, ರಾಜಿ ಪ್ರಯತ್ನಗಳು ಸೋತು, ಜೀವನಾಂಶ ಮತ್ತು ಮಕ್ಕಳ ವಿಷಯ ಇತ್ಯರ್ಥವಾಗಿ, ಕಾಯುವುದರಿಂದ ಸಂಕಟ ಮಾತ್ರ ಹೆಚ್ಚುತ್ತದೆ ಎಂದು ಕಂಡರೆ ನ್ಯಾಯಾಧೀಶರು ಆ ಅವಧಿಯನ್ನು ಬಿಟ್ಟುಕೊಡಬಹುದು.

ಒಂದು ಎಚ್ಚರಿಕೆ. ಬೇಗ ಮುಗಿದರೆ ಸಾಕು ಎಂಬ ಆತುರದಲ್ಲಿ ಎಷ್ಟೋ ಹೆಣ್ಣುಮಕ್ಕಳು "ನನಗೇನೂ ಬೇಡ" ಎಂದು ಸಹಿ ಹಾಕಿಬಿಡುತ್ತಾರೆ. ಒಡವೆ ಯಾರ ಬಳಿ, ಮಕ್ಕಳ ಫೀಸು ಯಾರು ಕಟ್ಟುತ್ತಾರೆ, ಜಂಟಿ ಸಾಲದ ಕಂತು ಯಾರ ಪಾಲು, ಹಣ ಯಾವ ದಿನ ಕೈಗೆ ಬರುತ್ತದೆ, ಇವಿಷ್ಟನ್ನೂ ಒಪ್ಪಂದದಲ್ಲಿ ಬರೆಸಿ. ಬಾಯಿಮಾತಿಗೆ ಬೆಲೆಯಿಲ್ಲ.

ರಾಣಿ, ಅಪ್ಪಣ್ಣ ಮತ್ತು 'ಕ್ರೌರ್ಯ'

ಇನ್ನು ಅವರು ಒಪ್ಪದಿದ್ದರೆ? ಆಗ ಕಾರಣ ತೋರಿಸಬೇಕು. ಇಲ್ಲೇ ಕಷ್ಟ ಇರುವುದು.

ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. 1997ರಲ್ಲಿ ನಾಗಾಭರಣರ ಸಿನಿಮಾ ಆಗಿಯೂ ಬಂತು. ಅದರಲ್ಲಿ ಅಪ್ಪಣ್ಣ ಹೊಸ ಹೆಂಡತಿ ರಾಣಿಯನ್ನು ಮನೆಯೊಳಗೆ ಬಿಟ್ಟು ಬೀಗ ಹಾಕಿ ಹೋಗುತ್ತಾನೆ. ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ರಾತ್ರಿ ಇನ್ನೊಬ್ಬಳ ಮನೆಯಲ್ಲಿ. ಇಂಥ ಅಪ್ಪಣ್ಣನ ವಿಷಯದಲ್ಲಿ ಇಂದಿನ ಕೋರ್ಟಿಗೆ ಹೆಚ್ಚು ಯೋಚನೆ ಬೇಕಾಗದು. ಕೂಡಿಹಾಕುವುದು ಕ್ರೌರ್ಯ, ಪರಸ್ತ್ರೀ ಸಂಗ ಬೇರೆಯೇ ಒಂದು ಕಾರಣ.

ಆದರೆ ಬೀಗ ಹಾಕದ ಅಪ್ಪಣ್ಣಂದಿರು ಇದ್ದಾರೆ. ಸಮಯಕ್ಕೆ ಮನೆಗೆ ಬರುತ್ತಾರೆ, ಸಂಬಳ ತಂದುಕೊಡುತ್ತಾರೆ, ನಾಲ್ಕು ಜನರ ಮುಂದೆ ಸಭ್ಯರು. ಹೆಂಡತಿ ಎಂಬ ಜೀವ ಅಲ್ಲಿದೆ ಎಂಬುದನ್ನೇ ಮರೆತಿರುತ್ತಾರೆ. ಇದು ಕ್ರೌರ್ಯವೇ?

2007ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಸಮರ್ ಘೋಷ್ ಮೊಕದ್ದಮೆಯಲ್ಲಿ ಈ ಪ್ರಶ್ನೆಯನ್ನು ವಿವರವಾಗಿ ಚರ್ಚಿಸಿತು. ಅಲ್ಲಿ ಗಂಡ ಹೆಂಡತಿ ಇಬ್ಬರೂ ಐಎಎಸ್ ಅಧಿಕಾರಿಗಳು. ಅರ್ಜಿ ಹಾಕಿದವನು ಗಂಡ. ಆದರೆ ಮಾನಸಿಕ ಕ್ರೌರ್ಯ ಎಂದರೇನು ಎಂದು ಕೋರ್ಟು ಕೊಟ್ಟ ಉದಾಹರಣೆಗಳು ಗಂಡಿಗೂ ಹೆಣ್ಣಿಗೂ ಸಮ. ನಮ್ಮ ವಿಷಯಕ್ಕೆ ಬೇಕಾದವುಗಳ ಸಾರಾಂಶ ಹೀಗಿದೆ:

- ಬರೀ ತಣ್ಣಗಿನ ವರ್ತನೆ, ವಾತ್ಸಲ್ಯದ ಕೊರತೆ ಅಷ್ಟರಿಂದಲೇ ಕ್ರೌರ್ಯ ಆಗುವುದಿಲ್ಲ.
- ಆದರೆ ಒರಟು ಮಾತು, ಉದಾಸೀನ, ನಿರ್ಲಕ್ಷ್ಯ ಇವು ಇನ್ನೊಬ್ಬರಿಗೆ ಬಾಳನ್ನೇ ಅಸಹನೀಯ ಮಾಡುವ ಮಟ್ಟ ತಲುಪಿದರೆ ಅದು ಕ್ರೌರ್ಯ.
- ದೈಹಿಕ ತೊಂದರೆಯಾಗಲಿ ತಕ್ಕ ಕಾರಣವಾಗಲಿ ಇಲ್ಲದೆ, ಬಹುಕಾಲ ದಾಂಪತ್ಯ ಸಂಬಂಧವನ್ನು ಒಬ್ಬರೇ ನಿರಾಕರಿಸುವುದು ಕ್ರೌರ್ಯ ಆಗಬಹುದು.
- ಮಕ್ಕಳೇ ಬೇಡ ಎಂದು ಮದುವೆಯ ನಂತರ ಒಬ್ಬರೇ ತೀರ್ಮಾನಿಸುವುದೂ ಹಾಗೆಯೇ.
- ಸಂಸಾರದಲ್ಲಿ ದಿನಬೆಳಗಾದರೆ ಬರುವ ಸಣ್ಣಪುಟ್ಟ ಕಿರಿಕಿರಿ, ಜಗಳಗಳು ಸಾಲವು. ಒಂದೆರಡು ಘಟನೆಯಲ್ಲ, ವರ್ಷಗಳ ನಡತೆಯನ್ನು ಒಟ್ಟಾಗಿ ನೋಡಬೇಕು.

ಮೊದಲೆರಡು ಅಂಶಗಳ ನಡುವಿನ ಅಂತರವನ್ನು ಗಮನಿಸಿ. ಇಡೀ ವಿಷಯ ಅಲ್ಲಿದೆ. "ಅವರಿಗೆ ನನ್ನ ಮೇಲೆ ಪ್ರೀತಿ ಇಲ್ಲ" ಎಂದರೆ ಕೋರ್ಟಿಗೆ ಹಿಡಿಯಲು ಏನೂ ಸಿಗುವುದಿಲ್ಲ. "ಆಪರೇಷನ್ ಆದ ದಿನ ಆಸ್ಪತ್ರೆಗೆ ಬರಲಿಲ್ಲ. ನಾಲ್ಕು ವರ್ಷದಿಂದ ಬೇರೆ ಕೋಣೆ. ನಮ್ಮಪ್ಪ ತೀರಿಕೊಂಡಾಗ ಬಂದು ಮುಖ ತೋರಿಸಲಿಲ್ಲ. ಮನೆಯಲ್ಲಿ ಏನು ಬೇಕಾದರೂ ಮಗಳ ಕೈಯಲ್ಲಿ ಹೇಳಿಕಳಿಸುತ್ತಾರೆ" ಎಂದು ತಾರೀಖು, ಸಂದರ್ಭ ಸಹಿತ ಹೇಳಿದರೆ ಅದು ನಡತೆ. ನಡತೆಯನ್ನು ಕೋರ್ಟು ತೂಗಬಲ್ಲದು.

ಹಾಗೆಂದು ಕೊಲೆ ಮೊಕದ್ದಮೆಯಲ್ಲಿ ಬೇಕಾಗುವಂಥ ಸಂಶಯಾತೀತ ಸಾಕ್ಷ್ಯ ಇಲ್ಲಿ ಬೇಕಿಲ್ಲ. ಎರಡು ಕಡೆಯ ಮಾತಿನಲ್ಲಿ ಯಾವುದು ಹೆಚ್ಚು ಸಂಭವನೀಯ ಎಂದು ನೋಡಿದರೆ ಸಾಕು ಎಂದು ಸುಪ್ರೀಂ ಕೋರ್ಟ್ 1975ರ ದಾಸ್ತಾನೆ ತೀರ್ಪಿನಲ್ಲೇ ಹೇಳಿದೆ. ನಿಮ್ಮದೇ ಹೇಳಿಕೆ, ಫೋನಿನ ಸಂದೇಶಗಳು, ಆಸ್ಪತ್ರೆ ಚೀಟಿ, ಕಂಡುಬಲ್ಲ ಅಕ್ಕತಂಗಿ ಅಥವಾ ನೆರೆಯವರ ಮಾತು, ಎಲ್ಲವೂ ಸಾಕ್ಷ್ಯವೇ.

ಬಿಟ್ಟುಹೋಗುವುದು ಮತ್ತು ಇನ್ನೊಂದು ಒಳದಾರಿ

ಕಾರಣವಿಲ್ಲದೆ, ನಿಮ್ಮ ಒಪ್ಪಿಗೆಯಿಲ್ಲದೆ ಎರಡು ವರ್ಷ ಸತತವಾಗಿ ಗಂಡ ಬಿಟ್ಟುಹೋಗಿದ್ದರೆ ಅದು ಪರಿತ್ಯಾಗ. ಬೇಕೆಂದೇ ಮಾಡಿದ ನಿರ್ಲಕ್ಷ್ಯವೂ ಪರಿತ್ಯಾಗದ ವ್ಯಾಖ್ಯೆಯಲ್ಲಿ ಸೇರಿದೆ ಎಂದು ಕಾಯ್ದೆಯೇ ವಿವರಣೆ ಕೊಟ್ಟಿದೆ. ದುಬೈಗೋ ದಿಲ್ಲಿಗೋ ಹೋದವರು ಹಣವನ್ನೂ ಕಳಿಸದೆ, ಫೋನೂ ಎತ್ತದೆ ಇರುವಾಗ ಈ ಕಲಮು ನೆನಪಿರಲಿ.

ಹೆಂಡತಿಗೆ ಮಾತ್ರ ಸಿಗುವ, ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಒಳದಾರಿಯೂ ಇದೆ. ಬೇರೆ ಇರುವ ಹೆಂಡತಿಗೆ ಗಂಡ ಜೀವನಾಂಶ ಕೊಡಬೇಕು ಎಂದು ಕೋರ್ಟು ಆಜ್ಞೆ ಮಾಡಿ, ಅಲ್ಲಿಂದ ಒಂದು ವರ್ಷ ಇಬ್ಬರೂ ಮತ್ತೆ ಒಟ್ಟಿಗೆ ಬಾಳದಿದ್ದರೆ, ಅದೇ ವಿಚ್ಛೇದನಕ್ಕೆ ಕಾರಣ. 13ನೆಯ ಕಲಮಿನ ಎರಡನೆಯ ಉಪಕಲಮಿನಲ್ಲಿ ಇದು ಇದೆ. ವಕೀಲರನ್ನು ಈ ಬಗ್ಗೆ ತಪ್ಪದೆ ಕೇಳಿ.

ಮದುವೆಯಾದ ಮೊದಲ ವರ್ಷದಲ್ಲಿ ಮಾತ್ರ, ತೀರಾ ಅಸಾಧಾರಣ ಕಷ್ಟವಿದ್ದರೆ ಹೊರತು, ವಿಚ್ಛೇದನದ ಅರ್ಜಿ ಹಾಕಲಾಗದು.

ಸತ್ತ ಮದುವೆಗೆ ಕಲಮು ಇಲ್ಲವೇ?

"ಈ ಮದುವೆ ಮುರಿದುಬಿದ್ದಿದೆ, ಇನ್ನು ಕೂಡಿಸಲಾಗದು" ಎಂಬುದನ್ನೇ ಕಾರಣವಾಗಿ ಸೇರಿಸಿ ಎಂದು ಕಾನೂನು ಆಯೋಗ 1978ರಲ್ಲಿ ಹೇಳಿತು, 2009ರಲ್ಲಿ ಮತ್ತೆ ಹೇಳಿತು. ಸುಪ್ರೀಂ ಕೋರ್ಟ್ 2006ರಲ್ಲಿ ನವೀನ್ ಕೊಹ್ಲಿ ಮೊಕದ್ದಮೆಯಲ್ಲಿ ಸರ್ಕಾರಕ್ಕೆ ಇದನ್ನೇ ಸೂಚಿಸಿತು. 2010ರಲ್ಲಿ ಮಸೂದೆ ಮಂಡನೆಯಾಗಿ 2013ರಲ್ಲಿ ರಾಜ್ಯಸಭೆ ದಾಟಿತು. ಲೋಕಸಭೆ ದಾಟಲಿಲ್ಲ.

2023ರ ಮೇ 1ರಂದು ಶಿಲ್ಪಾ ಶೈಲೇಶ್ ಮೊಕದ್ದಮೆಯಲ್ಲಿ ಐದು ನ್ಯಾಯಮೂರ್ತಿಗಳ ಪೀಠ, ಮುರಿದ ಮದುವೆಯನ್ನು ಸಂವಿಧಾನದ 142ನೆಯ ವಿಧಿಯಡಿ ಸುಪ್ರೀಂ ಕೋರ್ಟ್ ಮುಗಿಸಬಹುದು ಎಂದಿತು. ಒಬ್ಬರು ಒಪ್ಪದಿದ್ದರೂ ಸರಿಯೇ. ಪತ್ರಿಕೆಯಲ್ಲಿ ಇದನ್ನು ಓದಿ ಬಹಳ ಜನ ಇನ್ನು ಮುಂದೆ ಸುಲಭ ಎಂದುಕೊಂಡರು. ಹಾಗಿಲ್ಲ. ಈ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ; ಅದೂ ಹಕ್ಕಾಗಿ ಕೇಳುವಂಥದ್ದಲ್ಲ. ಇದಕ್ಕೆಂದೇ ನೇರವಾಗಿ ಅಲ್ಲಿಗೆ ಹೋಗುವಂತೆಯೂ ಇಲ್ಲ. ನಿಮ್ಮ ಊರಿನ ಕೌಟುಂಬಿಕ ನ್ಯಾಯಾಲಯಕ್ಕೆ ಈಗಲೂ ಕಾಯ್ದೆಯಲ್ಲಿರುವ ಕಾರಣಗಳೇ ಬೇಕು.

ಯಾವ ಊರಿನ ಕೋರ್ಟು?

ಹೊರನಾಡ ಕನ್ನಡಿಗರಿಗೆ ಇದು ಬಹುಮುಖ್ಯ ಪ್ರಶ್ನೆ. ಮದುವೆ ಹಾವೇರಿಯಲ್ಲಿ, ಸಂಸಾರ ಪುಣೆಯಲ್ಲಿ, ಗಂಡನಿಗೆ ಈಗ ಹೈದರಾಬಾದಿಗೆ ವರ್ಗ. ಹೆಣ್ಣುಮಗಳು ಎಲ್ಲಿಗೆ ಹೋಗಬೇಕು?

ಮದುವೆ ನಡೆದ ಊರು, ಎದುರು ಪಕ್ಷದವರು ಇರುವ ಊರು, ಕೊನೆಯದಾಗಿ ಇಬ್ಬರೂ ಒಟ್ಟಿಗಿದ್ದ ಊರು, ಈ ಮೂರರಲ್ಲಿ ಎಲ್ಲಿಯಾದರೂ ಅರ್ಜಿ ಹಾಕಬಹುದು. 2003ರ ತಿದ್ದುಪಡಿಯಿಂದ ನಾಲ್ಕನೆಯದೂ ಸೇರಿತು: ಅರ್ಜಿ ಹಾಕುವವಳು ಹೆಂಡತಿಯಾದರೆ, ಆ ದಿನ ಆಕೆ ಇರುವ ಊರಿನಲ್ಲೇ ಹಾಕಬಹುದು. ಅಂದರೆ ಪುಣೆಯಲ್ಲೇ ಕೆಲಸ ಮಾಡಿಕೊಂಡಿದ್ದರೆ ಪುಣೆಯಲ್ಲೇ, ತವರಿಗೆ ಹಿಂದಿರುಗಿದ್ದರೆ ಹಾವೇರಿಯಲ್ಲೇ.

ಗಂಡನೇ ಮೊದಲು ದೂರದ ಊರಿನಲ್ಲಿ ಮೊಕದ್ದಮೆ ಹೂಡಿದರೆ? ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ವರ್ಗಾಯಿಸುವಂತೆ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಲು ಅವಕಾಶವಿದೆ. ಚಿಕ್ಕ ಮಕ್ಕಳು, ವರಮಾನವಿಲ್ಲದಿರುವುದು, ಒಬ್ಬಳೇ ಪ್ರಯಾಣ ಮಾಡುವ ಕಷ್ಟ, ಇವನ್ನು ಅಲ್ಲಿ ಹೇಳಬಹುದು.

ಕೌಟುಂಬಿಕ ನ್ಯಾಯಾಲಯ ಸಿನಿಮಾದಲ್ಲಿ ಕಾಣುವ ಕೋರ್ಟಿನಂತೆ ಇರುವುದಿಲ್ಲ. 1984ರ ಕಾಯ್ದೆಯ ಪ್ರಕಾರ ಮೊದಲು ರಾಜಿಯ ಪ್ರಯತ್ನ ನಡೆಯಬೇಕು. ಆಪ್ತಸಮಾಲೋಚಕರು ಇಬ್ಬರನ್ನೂ ಕರೆದು ಮಾತಾಡಿಸುತ್ತಾರೆ. ಗಂಡನ ಮೌನಕ್ಕೆ ಖಿನ್ನತೆಯೋ ಸಾಲದ ಚಿಂತೆಯೋ ಕಾರಣವಾಗಿದ್ದರೆ ಅದು ಹೊರಬೀಳುವುದು ಇಲ್ಲೇ. ಒಟ್ಟಿಗೆ ಬಾಳಲೇಬೇಕು ಎಂದು ಅವರು ಒತ್ತಾಯಿಸುವಂತಿಲ್ಲ. ನೀವು ಕೇಳಿದರೆ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. "ಪೇಪರಿನಲ್ಲಿ ಬಂದರೆ?" ಎಂದು ಹೆದರುವವರಿಗೆ ಈ ಮಾತು: ಇಂಥ ವಿಚಾರಣೆಯ ವಿವರಗಳನ್ನು ಪ್ರಕಟಿಸುವುದನ್ನು ಹಿಂದೂ ವಿವಾಹ ಕಾಯ್ದೆಯೇ ನಿರ್ಬಂಧಿಸಿದೆ.

"ವಾಪಸ್ ಬಾ" ಎಂದು ನೋಟೀಸು ಬಂದರೆ

ರುಖ್ಮಾಬಾಯಿಯ ಮೇಲೆ ಹೂಡಿದಂಥ ದಾವೆ ಈಗಲೂ ಇದೆ. ಹಿಂದೂ ವಿವಾಹ ಕಾಯ್ದೆಯ 9ನೆಯ ಕಲಮು ಅದೇ. ಆಂಧ್ರಪ್ರದೇಶ ಹೈಕೋರ್ಟ್ 1983ರಲ್ಲಿ ಅದನ್ನು ತಳ್ಳಿಹಾಕಿತ್ತು. ಮರುವರ್ಷ ಸುಪ್ರೀಂ ಕೋರ್ಟ್ ಬೇರೊಂದು ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ಆದರೆ ಈಗ ಯಾರನ್ನೂ ಸೆರೆಮನೆಗೆ ಕಳಿಸುವಂತಿಲ್ಲ, ಎಳೆದೊಯ್ಯುವಂತಿಲ್ಲ. ಅಂಥ ಡಿಕ್ರಿ ಆದರೂ, ಹೋಗದಿರಲು ತಕ್ಕ ಕಾರಣವಿರುವ ಹೆಂಡತಿಗೆ ಜೀವನಾಂಶ ತಪ್ಪುವುದಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟೀಸು ಬಂದರೆ ಹೆದರಬೇಡಿ, ಹಾಗೆಂದು ಸುಮ್ಮನೆ ಮಡಿಚಿಯೂ ಇಡಬೇಡಿ. ವಕೀಲರ ಮೂಲಕ ಉತ್ತರ ಕೊಡಿ.

ಹೊಟ್ಟೆಪಾಡು, ಮನೆ, ಒಡವೆ

ಬಹಳ ಹೆಣ್ಣುಮಕ್ಕಳನ್ನು ತಡೆದು ನಿಲ್ಲಿಸುವುದು ಮಮತೆಯಲ್ಲ, ಬಾಡಿಗೆ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮೊಕದ್ದಮೆ ನಡೆಯುವಾಗಲೇ ಮಧ್ಯಂತರ ಜೀವನಾಂಶ ಮತ್ತು ಕೋರ್ಟು ಖರ್ಚು ಕೇಳಬಹುದು. ನೋಟೀಸು ತಲುಪಿದ ಅರವತ್ತು ದಿನದೊಳಗೆ ಸಾಧ್ಯವಾದಷ್ಟೂ ಇದನ್ನು ತೀರ್ಮಾನಿಸಬೇಕು ಎನ್ನುತ್ತದೆ ಕಾಯ್ದೆ. ವ್ಯವಹಾರದಲ್ಲಿ ಹೆಚ್ಚು ಹಿಡಿಯುವುದೂ ಉಂಟು. ವಿಚ್ಛೇದನದ ಅರ್ಜಿ ಹಾಕದೆಯೂ ಜೀವನಾಂಶ ಕೇಳಬಹುದು. ಹಿಂದೆ ಎಲ್ಲರ ಬಾಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಾಗಿದೆ.

2020ರ ನವೆಂಬರಿನ ರಜನೇಶ್ ತೀರ್ಪಿನ ನಂತರ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಾಕಬೇಕು. ನೀವು ಓದಿದವರು, ಅಷ್ಟಿಷ್ಟು ದುಡಿಯುವವರು ಎಂಬ ಒಂದೇ ಕಾರಣಕ್ಕೆ ಜೀವನಾಂಶ ನಿಲ್ಲುವುದಿಲ್ಲ.

ಸ್ತ್ರೀಧನ ನಿಮ್ಮದು. ತವರಿನವರೋ ಗಂಡನ ಕಡೆಯವರೋ ನಿಮಗೆಂದು ಕೊಟ್ಟ ಒಡವೆ, ಹಣ, ಪಾತ್ರೆಪಡಗ ನಿಮ್ಮ ಸ್ವಂತ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ತೀರ್ಪಿನಲ್ಲೇ ಸ್ಪಷ್ಟ ಮಾಡಿದೆ. ಲಾಕರಿನ ಕೀ ಅತ್ತೆಯ ಬಳಿ ಇದ್ದ ಮಾತ್ರಕ್ಕೆ ಒಡವೆ ಅತ್ತೆಯದಾಗುವುದಿಲ್ಲ.

ಫ್ಲ್ಯಾಟಿನ ವಿಷಯ ಬೇರೆ. ವಿಚ್ಛೇದನವಾದರೆ ಗಂಡನ ಆಸ್ತಿ ಅರ್ಧ ಸಿಗುತ್ತದೆ ಎಂಬ ನಿಯಮ ಹಿಂದೂ ವಿವಾಹ ಕಾಯ್ದೆಯಲ್ಲಿಲ್ಲ. ಮನೆವಾರ್ತೆ ನೋಡಿಕೊಂಡ ಹೆಂಡತಿಯ ದುಡಿಮೆಗೂ ಆಸ್ತಿಯಲ್ಲಿ ಸಮಪಾಲಿದೆ ಎಂದು ಮದ್ರಾಸ್ ಹೈಕೋರ್ಟ್ 2023ರ ಜೂನ್‌ನಲ್ಲಿ ಒಂದು ಆಸ್ತಿ ತಕರಾರಿನಲ್ಲಿ ಹೇಳಿತು. ದೊಡ್ಡ ಮಾತು, ಆದರೆ ಎಲ್ಲ ಕಡೆ ಅದೇ ಕಾನೂನು ಎಂದು ನಂಬಿಕೊಂಡು ಕೂರಬೇಡಿ. ಕಂತು ಕಟ್ಟುವುದರಲ್ಲಿ ನಿಮ್ಮ ಸಂಬಳ ಸೇರಿದ್ದರೆ ಬ್ಯಾಂಕಿನ ಲೆಕ್ಕಪತ್ರ ತೆಗೆದಿಡಿ.

ಮನೆಯಿಂದ ಹೊರಹಾಕಿದರೆ, ಖರ್ಚಿಗೆ ನಿಲ್ಲಿಸಿದರೆ, ಅವಮಾನಿಸಿದರೆ, 2006ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಹಿಂಸೆ ಎಂದರೆ ಬರೀ ಹೊಡೆತವಲ್ಲ. ಮಾನಸಿಕ, ಆರ್ಥಿಕ ಹಿಂಸೆಯೂ ಅದರಲ್ಲಿ ಸೇರಿದೆ. ಒಟ್ಟಿಗೆ ಬಾಳಿದ ಮನೆಯಲ್ಲಿ ಇರುವ ಹಕ್ಕನ್ನು ಅದು ಕೊಡುತ್ತದೆ. ಮನೆ ಮಾವನ ಹೆಸರಿನಲ್ಲಿದೆ ಎಂಬುದೊಂದೇ ಈ ಹಕ್ಕಿಗೆ ಅಡ್ಡಿಯಾಗದು ಎಂದು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮಕ್ಕಳು

ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು ಎನ್ನುತ್ತದೆ 1956ರ ಕಾಯ್ದೆ. ದೊಡ್ಡ ಮಕ್ಕಳ ವಿಷಯದಲ್ಲಿ ಯಾರ ಸಂಬಳ ಹೆಚ್ಚು ಎಂಬುದಲ್ಲ, ಮಗುವಿನ ಹಿತ ಎಲ್ಲಿದೆ ಎಂಬುದೇ ಕೊನೆಯ ಮಾತು. ಮಗು ತಾಯಿಯ ಬಳಿ ಇದ್ದರೂ ತಂದೆಯ ಖರ್ಚಿನ ಹೊಣೆ ತಪ್ಪುವುದಿಲ್ಲ.

ಸೋಡಚೀಟಿಯನ್ನು ನಂಬಬೇಡಿ

ಉತ್ತರ ಕರ್ನಾಟಕದ ಕಡೆಯವರಿಗೆ ಸೋಡಚೀಟಿ ಎಂಬ ಮಾತು ಗೊತ್ತು. ಹಿರಿಯರು ಸೇರಿ, ಛಾಪಾ ಕಾಗದದ ಮೇಲೆ ಬರೆದು, ನಾಲ್ಕು ಸಹಿ ಹಾಕಿಸಿ "ಇನ್ನು ನಿನಗೂ ಅವನಿಗೂ ಸಂಬಂಧವಿಲ್ಲ" ಎನ್ನುವುದು. ರೂಢಿಯ ವಿಚ್ಛೇದನವನ್ನು ಕಾಯ್ದೆ ಪೂರ್ತಿ ಅಳಿಸಿಲ್ಲ, ನಿಜ. ಆದರೆ ಆ ಸಮುದಾಯದಲ್ಲಿ ಅಂಥ ರೂಢಿ ಇದೆಯೆಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಇಲ್ಲವಾದರೆ ನೋಟರಿ ಮೊಹರು ಬಿದ್ದ ಕಾಗದಕ್ಕೂ ಬೆಲೆಯಿಲ್ಲ. ಅದನ್ನು ನಂಬಿ ಮರುಮದುವೆಯಾದರೆ ಆ ಮದುವೆಯೇ ಅಸಿಂಧುವಾಗುವ ಅಪಾಯವಿದೆ.

ಬೇರೆ ಧರ್ಮದವರಿಗೆ

ಮುಸ್ಲಿಂ ಹೆಣ್ಣುಮಕ್ಕಳಿಗೆ 1939ರ ವಿವಾಹ ವಿಸರ್ಜನೆ ಕಾಯ್ದೆ ಇದೆ. ಗಂಡ ಎರಡು ವರ್ಷ ಜೀವನಾಂಶ ಕೊಡದಿದ್ದರೆ, ಮೂರು ವರ್ಷ ಕಾರಣವಿಲ್ಲದೆ ದಾಂಪತ್ಯದ ಕರ್ತವ್ಯ ನಡೆಸದಿದ್ದರೆ ಕೋರ್ಟಿಗೆ ಹೋಗಬಹುದು. ಖುಲಾ ಪಡೆಯಲು ಗಂಡನ ಒಪ್ಪಿಗೆ ಬೇಕಿಲ್ಲ ಎಂದು ತೆಲಂಗಾಣ ಹೈಕೋರ್ಟ್ 2025ರ ಜೂನ್‌ನಲ್ಲಿ ತೀರ್ಪು ಕೊಟ್ಟಿದೆ. ಕ್ರೈಸ್ತರಿಗೆ 1869ರ ಕಾಯ್ದೆ. ಅದರಲ್ಲಿ ಗಂಡ ವ್ಯಭಿಚಾರವೊಂದನ್ನೇ ತೋರಿಸಿದರೆ ಸಾಕಿತ್ತು, ಹೆಂಡತಿ ಅದರ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ತೋರಿಸಬೇಕಿತ್ತು. ಈ ಭೇದ ಹೋಗಿ, ಪರಸ್ಪರ ಒಪ್ಪಿಗೆಯ ದಾರಿ ತೆರೆದದ್ದು 2001ರಲ್ಲಿ. ರಿಜಿಸ್ಟರ್ ಮದುವೆ ಆದವರಿಗೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಹೆಚ್ಚುಕಡಿಮೆ ಹಿಂದೂ ಕಾಯ್ದೆಯಂಥದ್ದೇ ಕಾರಣಗಳಿವೆ.

ಹೆಜ್ಜೆ ಇಡುವ ಮೊದಲು

1. ಮದುವೆಯ ಪ್ರಮಾಣಪತ್ರ, ಇಲ್ಲವಾದರೆ ಲಗ್ನಪತ್ರಿಕೆ ಮತ್ತು ಫೋಟೋ, ಮಕ್ಕಳ ಜನನಪತ್ರ, ಆಧಾರ್, ನಿಮ್ಮ ಅಂಕಪಟ್ಟಿಗಳ ನಕಲನ್ನು ನಂಬಿಕಸ್ಥರ ಮನೆಯಲ್ಲಿಡಿ.
2. ನಿಮ್ಮೊಬ್ಬರ ಹೆಸರಿನಲ್ಲೇ ಒಂದು ಬ್ಯಾಂಕ್ ಖಾತೆ ಇರಲಿ.
3. ಒಡವೆಯ ಪಟ್ಟಿ ಮಾಡಿ. ಯಾರು ಕೊಟ್ಟದ್ದು, ಈಗ ಎಲ್ಲಿದೆ ಎಂದು ಬರೆಯಿರಿ.
4. ನಡೆದದ್ದನ್ನು ತಾರೀಖು ಹಾಕಿ ಬರೆದಿಡಿ. ಬಣ್ಣ ಕಟ್ಟಬೇಡಿ. ಒಂದು ಸುಳ್ಳು ಸಿಕ್ಕಿದರೆ ಹತ್ತು ನಿಜಕ್ಕೆ ಪೆಟ್ಟು. ಇಲ್ಲದ ವರದಕ್ಷಿಣೆ ಆರೋಪ ಸೇರಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.
5. ವಕೀಲರ ಫೀಸಿಗೆ ಹಣವಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ, ವರಮಾನ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ನ್ಯಾಯಾಲಯದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಕೇಳಿ.
6. ಭಾಷೆ ಬಾರದು ಎಂದು ಅಂಜಬೇಡಿ. ಮರಾಠಿಯಲ್ಲೋ ತಮಿಳಿನಲ್ಲೋ ಬರೆದ ಕಾಗದಕ್ಕೆ, ಅರ್ಥ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿ. ಪರಊರಿನಲ್ಲಿ ನಮ್ಮವರಿಗೆ ಆಗುವ ಮೋಸಗಳಲ್ಲಿ ಹೆಚ್ಚಿನವು ಇಲ್ಲೇ.

ತವರಿನವರಿಗೆ ಒಂದು ಮಾತು

ಈ ಹಾಳೆ ನಿಮ್ಮ ಕೈಗೂ ಬಂದಿರಬಹುದು. ನೀವು ಅಮ್ಮನೋ ಅಣ್ಣನೋ ಆಗಿರಬಹುದು. ಮಗಳು ಬಂದು ಹೇಳಿಕೊಂಡಾಗ ಮೈಮೇಲೆ ಗಾಯ ಹುಡುಕಬೇಡಿ. ನಮ್ಮ ಕಾನೂನು ಕೂಡ ಗಾಯ ಹುಡುಕುವುದನ್ನು ಬಿಟ್ಟು ಬಹಳ ಕಾಲವಾಯಿತು. ಬಿಡಬೇಕೋ ಇರಬೇಕೋ ಎಂಬ ತೀರ್ಮಾನ ಆಕೆಯದು. ಕಾಗದಪತ್ರ ಇಟ್ಟುಕೊಳ್ಳಲು ಒಂದು ಕಪಾಟು, ಮುದ್ದತಿನ ದಿನ ಜೊತೆಗೆ ಬರುವ ಒಬ್ಬರು, ಮಕ್ಕಳನ್ನು ನಾಲ್ಕು ದಿನ ನೋಡಿಕೊಳ್ಳುವ ಒಂದು ಮನೆ, ಇಷ್ಟು ಸಿಕ್ಕರೆ ಆಕೆ ನಿಧಾನವಾಗಿ ಯೋಚಿಸಿ ತೀರ್ಮಾನ ಮಾಡಬಲ್ಲಳು.

ನೆನಪಿಡಬೇಕಾದ ಫೋನ್ ಸಂಖ್ಯೆಗಳು: ಉಚಿತ ಕಾನೂನು ನೆರವಿಗೆ 15100. ಮಹಿಳಾ ಸಹಾಯವಾಣಿ 181. ತುರ್ತು ಸಂದರ್ಭಕ್ಕೆ 112. ಮನಸ್ಸು ತೀರಾ ಕುಗ್ಗಿದಾಗ ಮಾತಾಡಲು ಟೆಲಿ ಮಾನಸ್, 14416.

ಈ ವಿಷಯದಲ್ಲಿ ನಿಮ್ಮ ಪ್ರಶ್ನೆಗಳಿದ್ದರೆ ಬರೆಯಿರಿ. ಹೆಸರು ಬೇಕಾಗಿಲ್ಲ, ಗಾಳಿಯಲ್ಲಿ ಓದುವುದೂ ಇಲ್ಲ. ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.